ವೈನಿ ಕೊಂಡದ್ದು ಸಣ್ಣ ಕ್ಯಾಮೆರಾ

ಸಣ್ಣದು ಏಳೂವರೆ ಸಾವಿರ, ದೊಡ್ಡದು ಮೂವತ್ತು ಸಾವಿರದ ಆಚೆ. ಫೋನಿನಲ್ಲಿ ಇನ್ನೂ ಒಳ್ಳೆಯ ಫೋಟೋ ಬರದಿದ್ದ ಕಾಲದ ರೇಟು ಇದು. ಎರಡೂ ಕ್ಯಾಮೆರಾಗಳೇ, ಇಷ್ಟು ಅಂತರ ಯಾಕೆ ಎಂದು ಗಿರಾಕಿ ಕೇಳಿದರೆ ನನ್ನ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: ದೊಡ್ಡದರ ಕಣ್ಣು ಬಿಚ್ಚಿ ಬೇರೆ ಕಣ್ಣು ಹಾಕಬಹುದು, ಸಣ್ಣದಕ್ಕೆ ಹುಟ್ಟಿದಾಗಿನ ಕಣ್ಣೇ ಗತಿ. ದೊಡ್ಡದು ಕೊರಳಲ್ಲಿ ತೂಗಾಡುತ್ತದೆ, ನಾಲ್ಕು ಜನ ತಿರುಗಿ ನೋಡುತ್ತಾರೆ. ಸಣ್ಣದು ಕಿಸೆಯಲ್ಲಿ ಕೂತುಬಿಡುತ್ತದೆ, ಅದು ಇದೆ ಅಂತ ಹೆಂಡತಿಗೂ ಗೊತ್ತಾಗುವುದಿಲ್ಲ. ಈ ಮಾತು ಹೇಳಿ ಜಮಖಂಡಿಯಲ್ಲಿ ಕೂತುಕೊಂಡು ಮುಧೋಳ, ಬೀಳಗಿವರೆಗೆ ದೊಡ್ಡ ಕ್ಯಾಮೆರಾ ಮಾರಿದ್ದೇನೆ. ಒಬ್ಬರಿಗೆ ಮಾತ್ರ ಮಾರಲು ಆಗಲಿಲ್ಲ.

ಅವರ ಬಲಗಣ್ಣಿನ ಸುತ್ತ ಒಂದು ಗುರುತಿತ್ತು. ಹುಬ್ಬಿನ ಕೆಳಗಿನಿಂದ ಹೊರಟು ಕೆನ್ನೆಯ ಎಲುಬಿನ ಮೇಲೆ ಇಳಿದ ಕಂದು ಗೆರೆ. ಹಗ್ಗ ಕಟ್ಟಿದ ಎತ್ತಿನ ಕೊರಳಲ್ಲಿ ಉಳಿಯುತ್ತದಲ್ಲ, ಅಂಥದ್ದು. ಕ್ಯಾಮೆರಾದ ಕಿಂಡಿಗೆ ಕಣ್ಣು ಒತ್ತಿ ಒತ್ತಿ ಬಿದ್ದ ಗುರುತು ಅದು. ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಮೊದಲ ಸಲ ನೋಡಿದವರು, ಈ ಹೆಣ್ಣುಮಗಳು ಕಣ್ಣು ಹೊಡೆಯುತ್ತಿದ್ದಾಳೋ ಏನೋ ಎಂದು ಗಾಬರಿಯಾಗಬೇಕು. ನಾನೂ ಆಗಿದ್ದೆ. ಆಮೇಲೆ ತಿಳಿಯಿತು, ರೇಟು ಇಳಿಸಬೇಕಾದಾಗ ಆ ಎಡಗಣ್ಣು ಪೂರ್ತಿ ಮುಚ್ಚುತ್ತದೆ ಅಂತ.

ಬನಹಟ್ಟಿಯಲ್ಲಿ ಅವರನ್ನು ಎಲ್ಲರೂ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಅವರ ಗಂಡ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮಗ್ಗಗಳ ಓಣಿಯಲ್ಲಿ ಒಂದು ಖೋಲಿ, ಹಿಂದುಗಡೆ ಬಣ್ಣ ಬಳಿದ ಪರದೆ, ಮುಂದೆ ಬಾಚಣಿಕೆ ಮತ್ತು ಪೌಡರಿನ ಡಬ್ಬಿ. ಗಂಡ ಇದ್ದಾಗಲೇ ಹೆಣ್ಣುಮಕ್ಕಳ ಫೋಟೋ ಎಲ್ಲ ಇವರೇ ತೆಗೆಯುತ್ತಿದ್ದರು. ಓಣಿಯ ಹೆಂಗಸರಿಗೆ ಗಂಡಸಿನ ಎದುರು ಸೆರಗು ಸರಿಮಾಡಿಕೊಳ್ಳುವುದರಲ್ಲೇ ಹೊತ್ತು ಹೋಗುತ್ತಿತ್ತು. ವೈನಿಯ ಎದುರು ಆ ತೊಂದರೆ ಇರಲಿಲ್ಲ. ಗಂಡ ಕಾಮಣಿ ರೋಗದಿಂದ ತೀರಿಕೊಂಡ ಮೇಲೆ ಖೋಲಿಯ ಬೀಗದಕೈ ಇವರ ಸೆರಗಿಗೆ ಬಂತು. ಆದರೆ ಖೋಲಿ ಇವರದಾಗಿರಲಿಲ್ಲ. ಅದು ಗಂಡನ ಅಣ್ಣನ ಹೆಸರಿನಲ್ಲಿತ್ತು.

ಆ ಭಾವ ಮಗ್ಗದ ಮಾಲೀಕರು. ಕೆಟ್ಟವರಲ್ಲ. ಆದರೆ ಅವರಿಗೆ ನೂಲಿನ ಗಂಟು ಇಡಲು ಜಾಗ ಬೇಕಿತ್ತು. ರೀಲಿನ ಕಾಲ ಮುಗಿದು, ಫೋಟೋ ತೊಳೆಯುತ್ತಿದ್ದ ಅಂಗಡಿಗಳು ಬಾಗಿಲು ಹಾಕಿದ ದಿನಗಳು ಅವು. ವೈನಿಯ ಹಳೆಯ ಕ್ಯಾಮೆರಾ ಕೊರಳಿಗೆ ಭಾರ, ಉಪಯೋಗಕ್ಕಿಲ್ಲ. ಭಾವ ಒಂದು ಮಾತು ಹೇಳಿದ್ದರು: “ಈ ಲಗ್ನದ ಸೀಜನ್ ನೋಡವಾ. ನಡೀತಂದ್ರ ಛಲೋ ಆತು. ನಡೀಲಿಲ್ಲಂದ್ರ ಖೋಲಿ ಖಾಲಿ ಮಾಡು, ನಾ ಗಂಟ ಇಟ್ಕೋತೀನಿ. ನಿನಗ ಎರಡ ಹೊತ್ತಿನ ಊಟಕ್ಕೇನೂ ಕಮ್ಮಿ ಮಾಡಂಗಿಲ್ಲ.”

ಊಟದ ಮಾತು ಕೇಳಿದ ಮೇಲೆಯೇ ವೈನಿ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದದ್ದು.

ನನ್ನ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಊರು ಚಿಮ್ಮಡ. ಜಮಖಂಡಿ ಬಸ್ ನಿಲ್ದಾಣದ ಎದುರು ಕೈಗಾಡಿಯ ಮೇಲೆ ಗಡಿಯಾರದ ಬೆಲ್ಟು, ಬ್ಯಾಟರಿ ಸೆಲ್ಲು ಮಾರಿ, ಅದರಿಂದ ಒಂದು ಗೂಡಂಗಡಿ, ಗೂಡಂಗಡಿಯಿಂದ ಗಾಜಿನ ಪೆಟ್ಟಿಗೆಯ ಅಂಗಡಿ ಮಾಡಿದವನು. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನ ಚಪ್ಪಲಿ ನೋಡಿ ಎಷ್ಟಕ್ಕೆ ಇಳಿಯುತ್ತಾನೆ ಎಂದು ಅಂದಾಜು ಹಾಕುವ ಚಟ ನನಗೆ. ವೈನಿಯ ಚಪ್ಪಲಿ ಹಳೆಯದು, ಆದರೆ ಹೊಲಿಗೆ ಹೊಸದು. ಇಂಥವರು ಸಾಮಾನನ್ನು ಬಾಳಿಸುತ್ತಾರೆ, ದೊಡ್ಡದನ್ನೇ ತೋರಿಸು ಎಂದಿತು ಮನಸ್ಸು.

“ಲಗ್ನದ ಕೆಲಸ ಅಂದ್ರ ಇದ ಬೇಕ್ರಿ ವೈನಿ. ಸಣ್ಣದು ಹಿಡಕೊಂಡ ಹಂದರದಾಗ ನಿಂತ್ರ, ಇಕಿ ಫೋಟೋದಾಕಿ ಏನ್ ಬೀಗರ ಪೈಕಿ ಏನ್ ಅಂತ ಮಂದಿ ಕೇಳ್ತಾರ.”

“ಕೇಳಲಿ. ಎರಡೂ ಕೈಯಾಗ ಕೊಡು. ಹೊರಗ ಹೋಗಿ ನೋಡ್ತೀನಿ.”

“ಅಂಗಡಿ ಒಳಗ ನೋಡ್ರಿ.”

“ಅಂಗಡಿ ಒಳಗ ಇರೂದು ನೀ ಒಬ್ಬ. ನಿನ್ನ ಮುಖ ನೋಡಿ ನಾ ಏನ ಮಾಡ್ಲಿ?”

ನಾನೂ ಹಿಂದೆ ಹೋದೆ, ಕ್ಯಾಮೆರಾಗಳ ಮೇಲಿನ ಪ್ರೀತಿಗೆ. ರಸ್ತೆಯಂಚಿನಲ್ಲಿ ಒಬ್ಬ ಮುದುಕಿ ಬಾರೀಹಣ್ಣು, ಅಂದರೆ ಎಲಚಿ, ಮಾರಲು ಹಚ್ಚಿಕೊಂಡು ಕೂತಿದ್ದಳು. ವೈನಿ ದೊಡ್ಡದನ್ನು ಕಣ್ಣಿಗೆ ಏರಿಸಿದರು. ಮುದುಕಿ ತಕ್ಕಡಿ ಕೆಳಗಿಟ್ಟಳು, ಸೆರಗು ತಲೆಯ ಮೇಲೆ ಎಳೆದಳು, ಎರಡೂ ಕೈ ಮೊಳಕಾಲ ಮೇಲಿಟ್ಟು ಉಸಿರು ಬಿಗಿಹಿಡಿದು ಕೂತಳು. ಮತದಾರರ ಚೀಟಿಯ ಫೋಟೋ ಆಯಿತು ಅದು. ವೈನಿ ತೆಗೆದಂತೆ ಮಾಡಿ ನಮಸ್ಕರಿಸಿ, ಅತ್ತ ಇತ್ತ ಸುಳಿದಾಡಿ ಸಣ್ಣದನ್ನು ಹೊರತೆಗೆದರು. ಎದೆಯ ಮುಂದೆ ಕೈಯಲ್ಲಿ ಹಿಡಿದು ಅದರ ಹಿಂದಿನ ಗಾಜು ನೋಡುತ್ತ, “ಆಯಿ, ಹುಳಿ ಅದಾವೇನ್ ಸೀ ಅದಾವ?” ಎಂದರು.

“ಹುಳಿ ಇದ್ರ ನಾ ಯಾಕ ಇಲ್ಲಿ ಕುಂದರ್ತಿದ್ನಿ? ತಿಂದ ನೋಡ. ಏನದು ಕೈಯಾಗ, ಫೋನೇನು? ಫೋನ್ಯಾಗ ಮಾರಿ ಇಟಗೊಂಡ ಹಣ್ಣ ಕೊಳ್ಳೂ ಮಂದಿ ಆಗೀರಿ ಎಲ್ಲಾರೂ!”

ಮುದುಕಿ ಒಂದು ಹಣ್ಣನ್ನು ಎತ್ತಿ ಹಿಡಿದು ಬೈಯುತ್ತಿರುವ ಫೋಟೋ ಬಂತು. ಹಲ್ಲಿಲ್ಲದ ಬಾಯಿ, ಕೆಂಪನೆಯ ಹಣ್ಣು, ಆ ಕಣ್ಣಿನ ಧಿಮಾಕು. ಆದರೆ ಒತ್ತಿದ ಮೇಲೆ ಒಂದು ಕ್ಷಣ ತಡವಾಗಿ ತೆಗೆಯುವುದು ಸಣ್ಣ ಕ್ಯಾಮೆರಾಗಳ ಹುಟ್ಟುಗುಣ. ಹಣ್ಣು ಹಿಡಿದ ಕೈ ಮಸುಕಾಗಿ ಅಲುಗಿತ್ತು. ನಾನು ಅದನ್ನೇ ಹಿಡಿದುಕೊಂಡೆ. “ನೋಡ್ರಿ, ಕೈ ಅಳ್ಳಾಡೇತಿ.”

“ಅಳ್ಳಾಡಲಿ. ಜೀವ ಐತಿ ಅಂತ ತಿಳೀತೈತಿ,” ಎಂದರು ವೈನಿ. ಆಮೇಲೆ ಒಂದು ಪಾವು ಬಾರೀಹಣ್ಣು ಕೊಂಡರು, ಅದೂ ಚೌಕಾಸಿ ಮಾಡದೆ. ಅದನ್ನು ನೋಡಿಯೇ ನಾನು ಹುಷಾರಾಗಬೇಕಿತ್ತು.

ಅಂಗಡಿಯಲ್ಲಿ ಗಡಿಯಾರಗಳ ನಡುವೆ ಒಂದು ಕನ್ನಡಿ ಇತ್ತು. ವೈನಿ ಅದರ ಮುಂದೆ ಹೋಗಿ ನಿಂತರು. ದೊಡ್ಡದನ್ನು ಕಣ್ಣಿಗೆ ಹಿಡಿದರು. ಇಳಿಸಿದರು. ಸಣ್ಣದನ್ನು ಎದೆಯ ಮುಂದೆ ಹಿಡಿದರು. ಇಳಿಸಿದರು. ಮತ್ತೆ ದೊಡ್ಡದು. ಫೋಟೋ ತೆಗೆಯುವವರು ಕನ್ನಡಿಯಲ್ಲಿ ತಮ್ಮನ್ನು ತಾವು ನೋಡಿಕೊಳ್ಳುವುದು ನನಗೆ ಹೊಸದು. ಒಳಗೊಳಗೇ ನಕ್ಕೆ.

“ತಮ್ಮಾ, ಒಂದ ಮಾತ. ಸಣ್ಣದು ಖರೀದಿ. ದೊಡ್ಡದು ಬಾಡಿಗಿ.”

“ಬಾಡಿಗಿ? ಕ್ಯಾಮೆರಾ ಅಂದ್ರ ಏನ್ ಹಂದರದ ಗಳಾ ಅಂತ ತಿಳದೀರೇನ್ರಿ?”

“ಪಾತೇಲಿ ಬಾಡಿಗಿ ಕೊಡ್ತಾರ. ಖುರ್ಚಿ ಬಾಡಿಗಿ ಕೊಡ್ತಾರ. ಮದಿಮಗಗ ಕೋಟು ಬಾಡಿಗಿ ಕೊಡ್ತಾರ, ಅದನ್ನ ಹಾಕ್ಕೊಂಡ ಅಂವ ತಾಳಿ ಕಟ್ತಾನ. ನಿನ್ನ ಕ್ಯಾಮೆರಾಕ್ಕ ಏನ ಧಾಡಿ? ಗಾಜಿನ ಪೆಟಿಗ್ಯಾಗ ಕುಂದ್ರಿಸಿ ದಿನಾ ಊದಿನಕಡ್ಡಿ ಬೆಳಗತಿ. ಅದು ನಿನಗ ಅನ್ನ ಹಾಕ್ತೈತೇನು?” ಎಡಗಣ್ಣು ಪೂರ್ತಿ ಮುಚ್ಚಿತು.

ಊದಿನಕಡ್ಡಿಯ ಮಾತು ಖರೆ ಇತ್ತು. ಆ ಕ್ಯಾಮೆರಾ ತಂದು ತಿಂಗಳುಗಳೇ ಆಗಿದ್ದವು. ಆದರೂ ಬಿಟ್ಟುಕೊಡದೆ ಕೇಳಿದೆ: “ನಿಮ್ಮ ಕೆಲಸ ಸಣ್ಣದರಾಗ ಆಗತೈತಿ ಅಂತ ಹೊರಗ ತೋರಿಸಿಕೊಟ್ರಿ. ಹಂಗಾದ್ರ ದೊಡ್ಡದರ ಬಾಡಿಗಿ ಯಾತಕ್ರಿ?”

ಅವರು ನನ್ನ ರಟ್ಟೆ ಹಿಡಿದು ಕನ್ನಡಿಯ ಎದುರು ತಂದು ನಿಲ್ಲಿಸಿದರು. ದೊಡ್ಡದನ್ನು ಏರಿಸಿದರು. “ಏನ ಕಾಣತೈತಿ?”

“ಕ್ಯಾಮೆರಾ ಕಾಣತೈತಿ.”

ಸಣ್ಣದನ್ನು ಹಿಡಿದರು. “ಈಗ?”

“ನೀವು.”

“ಲಗ್ನದಾಗ ನಾ ಕಾಣಬಾರದು, ತಮ್ಮಾ. ಅಷ್ಟ.”

ಕನ್ನಡಿಯಲ್ಲಿ ಆಗ ಅವರ ಹಣೆ ನೋಡಿದೆ. ಕುಂಕುಮವಿರಲಿಲ್ಲ. ವಿಭೂತಿಯ ಒಂದೇ ತೆಳುವಾದ ಗೆರೆ. ಅಕ್ಷತೆಯ ಅಕ್ಕಿಕಾಳು ಬೀಳುವ ಹೊತ್ತಿಗೆ ಗಂಡನಿಲ್ಲದ ಹೆಂಗಸು ವಧೂವರರ ಎದುರಿಗೆ ನಿಲ್ಲುವುದಿಲ್ಲ, ಹಿಂದಿನ ಸಾಲಿಗೆ ಸರಿಯುತ್ತಾಳೆ. ಇದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲದ ನಮ್ಮ ಕಡೆಯ ರಿವಾಜು. ಫೋಟೋ ತೆಗೆಯುವವರು ಮಾತ್ರ ಎದುರಿಗೇ ನಿಲ್ಲಬೇಕು. ಆ ದೊಡ್ಡ ಕರಿಯ ಡಬ್ಬಿ ಮುಖಕ್ಕೆ ಅಡ್ಡ ಬಂದರೆ ಅಲ್ಲಿ ವಿಧವೆ ಇಲ್ಲ, ಕ್ಯಾಮೆರಾ ಇದೆ. ಲೆನ್ಸು, ಬೆಲೆ, ಗತ್ತು ಎಂದು ನಾನು ಕೊಡುತ್ತಿದ್ದ ಕಾರಣಗಳಲ್ಲಿ ಇದೊಂದು ಇರಲೇ ಇಲ್ಲ.

ಬಾಡಿಗೆಗೆ ಒಪ್ಪಿದೆ. ಕರುಣೆಯಿಂದ ಅಂತ ಬರೆದರೆ ಸುಳ್ಳಾಗುತ್ತದೆ. ಲಾಭ ಕಂಡಿತು, ಒಪ್ಪಿದೆ.

ವೈನಿ ಸಣ್ಣ ಕ್ಯಾಮೆರಾವನ್ನು ಒಂದು ಹಳೆಯ ರೇಷ್ಮೆಯ ತುಂಡಿನಲ್ಲಿ ಸುತ್ತಿ ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆಗೆ ಇಟ್ಟುಕೊಂಡರು. ಸುಣ್ಣದ ಡಬ್ಬಿ ಮಾತ್ರ ಅದರಿಂದ ದೂರ, ಇನ್ನೊಂದು ಅರೆಯಲ್ಲಿ. ಮನೆಮನೆಗೆ ಹೋಗುವಾಗ ಅದೇ. ಅವರು ಯಾರಿಗೂ ನಗಿ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ಒಂದು ಪ್ರಶ್ನೆ ಕೇಳುತ್ತಿದ್ದರು, ಉತ್ತರದ ನಡುವೆ ಒತ್ತುತ್ತಿದ್ದರು. “ಒಲಿ ಮ್ಯಾಲೆ ಏನಿಟ್ಟಿಯೇ?” “ಸೊಸಿ ಛಲೋ ಅದಾಳೇನ್ ಹೆಂಗ?” ಅತ್ತೆಯಂದಿರ ಅತ್ಯುತ್ತಮ ಫೋಟೋಗಳೆಲ್ಲ ಈ ಎರಡನೆಯ ಪ್ರಶ್ನೆಗೆ ಬಂದ ಉತ್ತರಗಳು. “ಫೋಟೋ ತಗೀತೀನಿ ಅಂತ ಹೇಳಿದ್ರ ಮಂದಿ ಮುಖ ಅಷ್ಟ ನಮ್ಮ ಮುಂದ ಇಟ್ಟ, ತಾವು ಎದ್ದ ಹೋಗಿಬಿಡ್ತಾರ,” ಎನ್ನುತ್ತಿದ್ದರು.

ಅವರ ಓಣಿಯಲ್ಲೇ ಒಬ್ಬ ಹುಡುಗಿ ಇದ್ದಳು. ಕನ್ಯೆ ನೋಡಲು ಕಳಿಸುವ ಅವಳ ಫೋಟೋ ಎಲ್ಲಿಗೆ ಹೋದರೂ ತಿರುಗಿ ಬರುತ್ತಿತ್ತು. ಪರದೆಯ ಮುಂದೆ ನಿಲ್ಲಿಸಿದರೆ ಆ ಹುಡುಗಿ ಕಂಬವಾಗುತ್ತಿದ್ದಳು. ವೈನಿ ಅವಳನ್ನು ಮಗ್ಗದ ಹತ್ತಿರ ತೆಗೆದರು. ಹರಿದ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕುತ್ತ, ಯಾರಿಗೋ ಓರೆಗಣ್ಣಿನಲ್ಲಿ ರೇಗುತ್ತಿರುವ ಫೋಟೋ. ಹುಡುಗಿಯ ತಾಯಿ ತಲೆ ಚಚ್ಚಿಕೊಂಡಳು: “ಇದನ್ನ ಕಳಿಸಿದ್ರ ಬೀಗರು ಏನಂದಾರು? ಹಲ್ಲ ತೋರಿಸ್ಯಾಳ!” ವೈನಿ ಹೇಳಿದ್ದು, “ಕೆಲಸ ಮಾಡೂ ಮನ್ಯಾವ್ರಿದ್ರ ಹೌದಂತಾರ. ಕುಂತ ಉಣ್ಣೂ ಮನ್ಯಾವ್ರಿದ್ರ ಒಲ್ಲೆ ಅಂತಾರ. ಎರಡೂ ನಿನಗ ಛಲೋನ.”

ಮುಧೋಳದ ಕಡೆಯಿಂದ ಹೌದೆಂದು ಬಂತು. ಆ ಹುಡುಗಿಯ ಮದುವೆಯೇ ವೈನಿಯ ಆ ಸೀಜನ್ನಿನ ದೊಡ್ಡ ಕೆಲಸ. ಇಡೀ ಓಣಿ ಸೇರುವ ಮದುವೆ. ಇಲ್ಲಿ ನಡೆದುಬಿಟ್ಟರೆ ಮುಂದಿನವರು ತಾವಾಗಿ ಕರೆಯುತ್ತಾರೆ, ಖೋಲಿ ಉಳಿಯುತ್ತದೆ. ಕೆಟ್ಟರೆ ನೂಲಿನ ಗಂಟು.

ಮದುವೆಗೆ ನಾನೂ ಹೋದೆ. ಊಟಕ್ಕೆ ಕರೆದಿದ್ದರು, ಮತ್ತು ಕ್ಯಾಮೆರಾ ನನ್ನದು. ಮನೆಯ ಮುಂದೆ ಹಂದರ. ಬಂದವರ ಚೀಲ, ಟ್ರಂಕು, ವೈನಿಯ ಕ್ಯಾಮೆರಾ ಬ್ಯಾಗು ಎಲ್ಲ ಪಕ್ಕದ ಭಾವನ ಮಗ್ಗದ ಶೆಡ್ಡಿನಲ್ಲಿ. ಮಗ್ಗಗಳನ್ನು ಆ ದಿನ ನಿಲ್ಲಿಸಿದ್ದರು, ಆದರೆ ಮಗ್ಗ ನಿಂತ ಮಾತ್ರಕ್ಕೆ ಅರಳೆಯ ಧೂಳು ನಿಲ್ಲುತ್ತದೆಯೇ? ತೊಲೆ, ಗೋಡೆ, ಜೇಡರ ಬಲೆ, ಎಲ್ಲದರ ಮೇಲೆ ಬಿಳಿ ತುಪ್ಪಳ. ಅರಿಷಿಣದ ಫೋಟೋ ಮುಗಿಸಿ ವೈನಿ ಅಲ್ಲಿ ಹೋಗಿ ಲೆನ್ಸು ಬದಲಿಸಿದರು. ಬೇರೆ ಜಾಗ ಇರಲಿಲ್ಲ. ಹೊರಬಂದು ಒಂದು ಫೋಟೋ ತೆಗೆದು ಹಿಂದಿನ ಗಾಜಿನಲ್ಲಿ ದೊಡ್ಡದು ಮಾಡಿ ನೋಡಿದರೆ ಮದುಮಗಳ ಹಣೆಯ ಮೇಲೆ ಒಂದು ಕರಿಯ ಎಳೆ, ಹುಳದಂತೆ ಸುರುಳಿ ಸುತ್ತಿಕೊಂಡು ಕೂತಿದೆ. ಇನ್ನೊಂದು ತೆಗೆದರು. ಅದೇ ಜಾಗ, ಅದೇ ಹುಳ. ಅರಳೆಯ ಎಳೆ ಕ್ಯಾಮೆರಾದ ಹೊಟ್ಟೆಯೊಳಗೆ ಹೋಗಿತ್ತು.

ನಾವಿಬ್ಬರೂ ಶೆಡ್ಡಿಗೆ ಓಡಿದೆವು. ನಾನು ಲೆನ್ಸು ಬಿಚ್ಚಿ, ಮೆತ್ತನೆಯ ಕುಂಚ ಯಾವ ಚೀಲದಲ್ಲಿದೆ ಎಂದು ಹುಡುಕಲು ತಿರುಗಿದೆ. ಅಷ್ಟರಲ್ಲಿ ಭಾವ ಬಂದರು. ಹೊಸ ಧೋತರ, ಹೆಗಲ ಮೇಲೆ ಶಲ್ಯ, ಸಂಭ್ರಮದ ಮುಖ.

“ಏನಾತು?”

“ಒಳಗ ಅರಳಿ ಹೊಕ್ಕೈತ್ರಿ ಭಾವಾರ,” ಎಂದರು ವೈನಿ.

“ಇಷ್ಟಕ್ಕ ಮುಖ ಸಣ್ಣ ಮಾಡ್ತೀರೇನು? ತಾ ಇಲ್ಲೆ.”

ಮಗ್ಗದವರು ಯಾವುದನ್ನೂ ಒರೆಸುವುದಿಲ್ಲ, ಊದುತ್ತಾರೆ. ಮೋಟಾರು, ಲಾಳಿ, ತಮ್ಮ ಅಂಗಿಯ ತೋಳು, ಊಟಕ್ಕೆ ಹೋಗುವ ಮುಂಚೆ ತಲೆಗೂದಲು, ಎಲ್ಲಕ್ಕೂ ಒಂದೇ ಮದ್ದು: ಗಾಳಿಯ ಪೈಪು. ನಾನು ಕುಂಚ ಹಿಡಿದು ತಿರುಗುವಷ್ಟರಲ್ಲಿ ಭಾವ ಕಂಪ್ರೆಸರಿನ ಪೈಪನ್ನು ಕ್ಯಾಮೆರಾದ ಬಾಯಿಗೆ ಹಿಡಿದು ಚಾವಿ ತಿರುವಿದ್ದರು. ಭುಸ್ ಎಂದಿತು. ಒಳಗಿನ ಸಣ್ಣ ಕನ್ನಡಿ ಕಿತ್ತುಕೊಂಡು ಹೊರಬಂದು ನನ್ನ ಕಾಲ ಹತ್ತಿರ ಬಿತ್ತು.

“ನೋಡು, ಏನೋ ಕಸ ಬಿತ್ತ ಹೊರಗ,” ಎಂದರು ಭಾವ.

ನಾನು ಹಣೆ ಹಿಡಿದುಕೊಂಡು ನೂಲಿನ ಗಂಟಿನ ಮೇಲೆ ಕೂತೆ. ಹೊರಗಿನಿಂದ ಯಾರೋ ಕೂಗಿದರು: “ಅಕ್ಕಿಕಾಳ ಕೊಡ್ರಿ ಎಲ್ಲಾರಿಗೂ, ಮುಹೂರ್ತ ಆಗೇತಿ!”

ವೈನಿ ಸತ್ತ ಕ್ಯಾಮೆರಾವನ್ನು ನನ್ನ ತೊಡೆಯ ಮೇಲಿಟ್ಟರು. ಸಂಚಿಗೆ ಕೈ ಹಾಕಿದರು. ಎಲೆಯ ಕಟ್ಟು ಸರಿಸಿ ರೇಷ್ಮೆಯ ತುಂಡು ಬಿಚ್ಚಿದರು. ಸೆರಗು ತಲೆಯ ಮೇಲೆ ಹೊದ್ದು ಹೊರಗೆ ನಡೆದರು. ನಾನು ಹಿಂದೆ. ನನ್ನ ಹಿಂದೆ, ಏನು ಕೆಟ್ಟಿತೆಂದು ಇನ್ನೂ ಪೂರ್ತಿ ತಿಳಿಯದ ಭಾವ.

ವಧೂವರರ ಎದುರು ನಿಂತು ವೈನಿ ಸಣ್ಣ ಕ್ಯಾಮೆರಾವನ್ನು ಎದೆಯ ಮುಂದೆ ಹಿಡಿದರು. ಮುಖ ಬಯಲಾಗಿತ್ತು. ಬೀಗರ ಕಡೆಯ ಒಬ್ಬ ಹಿರಿಯ ಹೆಂಗಸು, ವರನ ಸೋದರತ್ತೆಯಂತೆ, ನೋಡಿದಳು. ಮೊದಲು ಹಣೆ, ಆಮೇಲೆ ಕೊರಳು.

“ಯವ್ವಾ, ನೀ ಜರಾ ಬಾಜೂಕ ಸರೀ. ಕಾಳ ಬೀಳೂ ಹೊತ್ತು. ಯಾರರೆ ಗಂಡಮಕ್ಕಳ ಕೈಯಾಗ ಕೊಡು ಅದನ್ನ.”

ದನಿಯಲ್ಲಿ ಸಿಟ್ಟಿರಲಿಲ್ಲ. ಪಾತ್ರೆ ಸರಿಸು ಎನ್ನುವ ಹಾಗೆ ಇತ್ತು. ವೈನಿ ಒಂದು ಹೆಜ್ಜೆ ಹಿಂದಿಟ್ಟರು. ಕ್ಯಾಮೆರಾವನ್ನು ನನ್ನ ಕಡೆ ಚಾಚಿದರು. ನಾನು ಮಾರುವವನು, ತೆಗೆಯುವವನಲ್ಲ. ಕೈ ಮುಂದೆ ಬರಲಿಲ್ಲ.

ಬಾಸಿಂಗದ ಕೆಳಗಿನಿಂದ ಮದುಮಗಳು ಬಾಯಿಬಿಟ್ಟಳು. ಮದುಮಗಳು ಅಂಥ ಹೊತ್ತಿನಲ್ಲಿ ಮಾತಾಡುವ ರೂಢಿ ನಮ್ಮಲ್ಲಿಲ್ಲ.

“ವೈನಿ, ಸರೀಬ್ಯಾಡ್ರಿ. ನೀವ ತಗೀರಿ.” ಮತ್ತೆ ಸೋದರತ್ತೆಯ ಕಡೆ ತಿರುಗದೆ, ನೆಲ ನೋಡುತ್ತಲೇ, “ನನ್ನ ಫೋಟೋ ನೋಡಿ ಹೌದಂದೀರಲ್ರೀ, ಅದನ್ನ ತಗದಾವ್ರು ಇವರ.”

ವರನ ತಾಯಿ ಅಲ್ಲೇ ನಿಂತಿದ್ದರು. ಕೈತುಂಬ ಅಕ್ಕಿಕಾಳು. ಅವರು ವೈನಿಯನ್ನು ಮೇಲಿಂದ ಕೆಳಗೆ ನೋಡಿದರು. “ಹಲ್ಲಾಗ ಎಳಿ ಕಚ್ಚಿದ ಫೋಟೋ?”

“ಹೌದ್ರಿ,” ಎಂದರು ವೈನಿ.

“ಹಂಗಾದ್ರ ನಿಲ್ಲಲಿ ಬಿಡ್ರಿ. ಆ ಫೋಟೋದಿಂದ ನಮಗ ಛಲೋ ಆಗೇತಿ. ಹೊತ್ತ ಮೀರಾಕತ್ತೈತಿ, ಮಂತ್ರಾ ಹೇಳ್ರೀ ಐನಾರ.”

ಕಾಳು ಬಿದ್ದವು. ಆ ಫೋಟೋ ಈಗಲೂ ಆ ಮನೆಯ ಗೋಡೆಯ ಮೇಲಿದೆ. ಸ್ವಲ್ಪ ಓರೆಯಾಗಿದೆ, ಮೂಲೆಯಲ್ಲಿ ಯಾರದೋ ಅರ್ಧ ರುಮಾಲು ಬಂದಿದೆ. ಕಾಳುಗಳು ಚುಕ್ಕೆಯಾಗಿ ನಿಂತಿಲ್ಲ, ಗೆರೆಗಳಾಗಿ ಸುರಿಯುತ್ತಿವೆ. ದೊಡ್ಡ ಕ್ಯಾಮೆರಾ ಇದ್ದಿದ್ದರೆ ಒಂದೊಂದು ಕಾಳನ್ನೂ ಎಣಿಸಬಹುದಿತ್ತು. ಆದರೆ ದೊಡ್ಡದರ ಮುಂದೆ ಆ ಹುಡುಗಿ ಕಂಬವಾಗಿ ಲೆನ್ಸನ್ನು ನೋಡುತ್ತಿದ್ದಳು. ಇಲ್ಲಿ ಅವಳು ನೋಡುತ್ತಿರುವುದು ಲೆನ್ಸಿಗಿಂತ ಒಂದು ಗೇಣು ಮೇಲೆ. ವೈನಿಯ ಮುಖವನ್ನು.

ಊಟವಾದ ಮೇಲೆ ಶೆಡ್ಡಿನಲ್ಲಿ ಲೆಕ್ಕದ ಮಾತು ಬಂತು. ನಾನು ಬಾಯಿ ತೆರೆಯುವ ಮೊದಲೇ ವೈನಿ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದರು. ಭಾವ ಆ ಸಣ್ಣ ಕನ್ನಡಿಯನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಅದರ ಬೆಲೆ ಯಾರೋ ಹೇಳಿರಬೇಕು.

“ಭಾವಾರ, ಇದನ್ನ ಹೆಂಗ ಮಾಡೂಣ್ರಿ?”

“ನಾ ಛಲೋ ಮಾಡಾಕ ಹೋಗಿದ್ನೆವಾ.”

“ಅದು ನನಗ ಗೊತ್ತೈತ್ರಿ. ನೀವು ನನಗ ಖೋಲಿ ಖಾಲಿ ಮಾಡು ಅಂದದ್ದೂ ಛಲೋ ಮಾಡಾಕನ.” ಎಡಗಣ್ಣು ಮುಚ್ಚಿತು. “ರಿಪೇರಿ ನೀವು ಮಾಡಿಸಿಕೊಡ್ರಿ. ಖೋಲ್ಯಾಗ ಅರ್ಧ ನಿಮ್ಮ ಗಂಟ ಇಡ್ರಿ, ಅರ್ಧ ನಂದು ಇರಲಿ. ನಡಕ ಒಂದ ಪರದೆ ಹಾಕೂಣು.”

“ಸೀಜನ್ ಮುಗಿಯೂತನಾ?”

“ಪರದೆ ಹರಿಯೂತನಾ.”

ಭಾವ ಬಹಳ ಹೊತ್ತು ಆ ಕನ್ನಡಿಯಲ್ಲಿ ತಮ್ಮ ಮೀಸೆ ನೋಡಿಕೊಂಡರು. “ಪರದೆ ದಪ್ಪಂದ ಹಾಕಬೇಕಾಗತೈತಿ ಹಂಗಾದ್ರ,” ಎಂದರು. ಇಷ್ಟು ವರ್ಷ ಗಲ್ಲೆಯ ಮೇಲೆ ಕೂತಿದ್ದೇನೆ, ಅಷ್ಟು ಕಡಿಮೆ ಮಾತಿನಲ್ಲಿ ಅಷ್ಟು ದೊಡ್ಡ ವ್ಯಾಪಾರ ಕುದುರಿದ್ದನ್ನು ನೋಡಿಲ್ಲ.

ಆಮೇಲೆ ಎಲ್ಲವೂ ಸುಸೂತ್ರವಾಯಿತು ಎನ್ನಲಾರೆ. ಕೆಲವು ಮನೆಯವರು ವೈನಿಯನ್ನು ಮದುವೆಗೆ ಕರೆಯುವುದನ್ನು ಬಿಟ್ಟರು. ಬಿಟ್ಟೆವೆಂದು ಹೇಳಲಿಲ್ಲ, ಕರೆಯಲಿಲ್ಲ ಅಷ್ಟೆ. ಇನ್ನು ಕೆಲವರು ಅವರೇ ಬೇಕೆಂದು ಕೇಳಿಕೊಂಡು ಬಂದರು, ಹೆಚ್ಚಾಗಿ ಹೆಣ್ಣಿನ ಕಡೆಯವರು. ದೊಡ್ಡದನ್ನು ಬಾಡಿಗೆಗೆ ಒಯ್ಯುವುದನ್ನು ಅವರು ನಿಲ್ಲಿಸಲಿಲ್ಲ. ಆದರೆ ಈಗ ಕಾರಣ ಹೇಳಿ ಒಯ್ಯುತ್ತಿದ್ದರು. “ಗಲಗಲ್ಯಾಗ ಹೊಳಿ ದಂಡಿಗೆ ಗಂಗವ್ವನ ಪೂಜಿ ಐತಿ, ದೂರಿಂದ ತಗೀಬೇಕು.” “ಅನಗವಾಡ್ಯಾಗ ಹಂದರ ಭಾಳ ಕತ್ತಲಿ, ಸಣ್ಣದಕ್ಕ ಕಾಣಂಗಿಲ್ಲ.” ಮುಖ ಮುಚ್ಚಿಕೊಳ್ಳಲು ಒಯ್ಯಲಿಲ್ಲ. ವರ್ಷ ಕಳೆದಂತೆ ಅವರ ಬಲಗಣ್ಣಿನ ಸುತ್ತಲಿನ ಗೆರೆ ತಿಳಿಯಾಗುತ್ತ ಬಂದು, ಕೊನೆಗೆ ಗೊತ್ತಿದ್ದವರು ಹುಡುಕಿದರೆ ಮಾತ್ರ ಕಾಣುವಷ್ಟು ಉಳಿಯಿತು. ಎಡಗಣ್ಣು ಮಾತ್ರ ಹಾಗೇ.

ಅವರ ಆ ಒಂದು ಮಾತಿನಿಂದ ನನ್ನ ಅಂಗಡಿಯ ದಿಕ್ಕೇ ಬದಲಾಯಿತು. ಒಬ್ಬರಿಗೆ ಬಾಡಿಗೆ ಕೊಟ್ಟದ್ದು ಹತ್ತು ಮಂದಿಗಾಯಿತು. ಫೋನುಗಳು ಬಂದು ಕ್ಯಾಮೆರಾ ಮಾರಾಟ ಮಕಾಡೆ ಬಿದ್ದಾಗ ಬಾಡಿಗೆಯೇ ನನ್ನನ್ನು ಹಿಡಿದು ನಿಲ್ಲಿಸಿತು. ಇವತ್ತು ಲೆನ್ಸು, ದೀಪ, ಹಾರುವ ಕ್ಯಾಮೆರಾ ಎಲ್ಲ ನನ್ನಲ್ಲಿ ದಿನದ ಲೆಕ್ಕದಲ್ಲಿ ಸಿಗುತ್ತವೆ. ಒಮ್ಮೆ ಅವರಿಗೆ ಹೇಳಿದೆ, ವೈನಿ, ಈ ಯುಕ್ತಿ ನಿಮ್ಮದು, ನಿಮ್ಮ ಪಾಲು ಹೇಳಿಬಿಡಿ ಎಂದು. “ಒಂದ ಪಾವ ಬಾರೀಹಣ್ಣ ಕೊಡಿಸು,” ಎಂದರು. ಹೋಗಿ ತಂದೆ. ಆ ಮುದುಕಿ ಆಗ ಇರಲಿಲ್ಲ. ಅವಳ ಜಾಗದಲ್ಲಿ ಅವಳ ಸೊಸೆ ಕೂತಿದ್ದಳು. ವೈನಿ ಸಂಚಿಗೆ ಕೈ ಹಾಕಿ ಅವಳನ್ನು ಕೇಳಿದರು, “ನಿಮ್ಮತ್ತಿ ಹೆಂತಾಕಿ ಇದ್ಳು?”

ಹೋದ ಬೇಸಿಗೆಯ ಕೊನೆಯಲ್ಲಿ ವೈನಿ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಮಣ್ಣು ಕೊಟ್ಟು ಬಂದ ಮೇಲೆ ನಾನು ಆ ಖೋಲಿಗೆ ಹೋದೆ. ಭಾವ ಬಾಗಿಲಲ್ಲಿ ಕೂತಿದ್ದರು, ಈಗ ಬಹಳ ವಯಸ್ಸಾಗಿದೆ. ಪರದೆಯ ಆಚೆ ಅವರ ನೂಲಿನ ಗಂಟುಗಳು ತೊಲೆಗೆ ಮುಟ್ಟುವಂತೆ ಒಟ್ಟಿದ್ದವು. ಈಚೆ ಬಾಚಣಿಕೆ, ಪೌಡರಿನ ಡಬ್ಬಿ.

“ಜಾಗ ಸಾಲವಲ್ದು,” ಎಂದರು ಅವರು. “ಆದ್ರ ಈ ಕಡೆ ಗಂಟ ಇಡಾಕ ಕೈ ಬರವಲ್ದು ನೋಡಪಾ.” ಪರದೆಯನ್ನು ಮುಟ್ಟಿ ನೋಡಿದೆ. ಅವರದೇ ಮಗ್ಗದ ಬಟ್ಟೆ, ಎರಡು ಪದರು. ಎಲ್ಲೂ ಹರಿದಿರಲಿಲ್ಲ.

ಈಗ ನಿಮಗೆ ಒಂದೆರಡು ಮಾತು. ಪುಟ್ಟ ಕ್ಯಾಮೆರಾಗಳಿಗೆ ಹುಡುಗರು ಮತ್ತೆ ಮುಗಿಬೀಳುತ್ತಿದ್ದಾರೆ. ದೊಡ್ಡವು ಹೇಗೂ ಇವೆ. ಯಾವುದು ಕೊಳ್ಳಲಿ ಎಂದು ನನ್ನನ್ನು ಕೇಳಿದರೆ ನಾನು ಮೊದಲು ಕೇಳುವುದು ನಿಮ್ಮ ಬಜೆಟ್ಟನ್ನಲ್ಲ. ಯಾರನ್ನು ತೆಗೆಯುತ್ತೀರಿ, ಎಷ್ಟು ಹತ್ತಿರದಿಂದ ತೆಗೆಯುತ್ತೀರಿ ಎಂದು. ನಿಮ್ಮ ತಾಯಿ ರೊಟ್ಟಿ ಬಡಿಯುವುದನ್ನು ತೆಗೆಯುವುದಾದರೆ ಸಣ್ಣದೇ ಸಾಕು, ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಹೊಳೆಯ ಆಚೆಯ ಹಕ್ಕಿ, ಓಡುವ ನಾಯಿ, ಕತ್ತಲ ಹಂದರ ಎಂದರೆ ದೊಡ್ಡದು ಬೇಕು. ವರ್ಷಕ್ಕೆ ನಾಲ್ಕು ಸಲ ಬೇಕಾಗುವುದಾದರೆ ಅದನ್ನು ಬಾಡಿಗೆಗೆ ತನ್ನಿ, ಸಾಲ ಮಾಡಿ ಕೊಳ್ಳಬೇಡಿ. ಹಳೆಯ ಸಣ್ಣದನ್ನು ಕೊಳ್ಳುವಾಗ ಅದರ ಲೆನ್ಸಿನ ಮೂಗು ಹೊರಗೆ ಬರುವ ಸದ್ದಿಗೆ ಕಿವಿ ಕೊಡಿ, ಮರಳು ಹೊಕ್ಕಿದ್ದರೆ ಕರಕರ ಎನ್ನುತ್ತದೆ. ಮಗ್ಗ, ಗಿರಣಿ, ರಾಶಿಯ ಕಣ ಇಂಥಲ್ಲಿ ಲೆನ್ಸು ಬಿಚ್ಚಬೇಡಿ. ಬಿಚ್ಚಿದರೂ ಭಾವನನ್ನು ಹತ್ತಿರ ಬಿಡಬೇಡಿ.

ಕೊನೆಯದಾಗಿ, ಕೊಳ್ಳುವ ಮೊದಲು ಎರಡನ್ನೂ ಕೈಯಲ್ಲಿ ಹಿಡಿದು ಕನ್ನಡಿಯ ಎದುರು ನಿಲ್ಲಿ. ಮುಂದೆ ಕೂತವರಿಗೆ ನಿಮ್ಮ ಮುಖ ಕಾಣಬೇಕೋ ಬೇಡವೋ, ಅದನ್ನು ನೀವೇ ತೀರ್ಮಾನಿಸಿ. ಅಂಥ ಕನ್ನಡಿ ಅಂಗಡಿಯಲ್ಲಿ ಇಲ್ಲದಿದ್ದರೆ ನನ್ನಲ್ಲಿಗೆ ಬನ್ನಿ, ಗಡಿಯಾರಗಳನ್ನೆಲ್ಲ ತೆಗೆಸಿ ದೊಡ್ಡದೊಂದು ಹಾಕಿಸಿದ್ದೇನೆ. ತೀರ್ಮಾನ ಆದ ಮೇಲೆ ರೇಟು ಕೇಳಿ. ನಾನು ಹೇಳುವ ಮೊದಲ ರೇಟಿಗೆ ಒಪ್ಪಬೇಡಿ. ಎಡಗಣ್ಣು ಪೂರ್ತಿ ಮುಚ್ಚಿ ನನ್ನನ್ನು ನೋಡಿ. ಇಳಿಸುತ್ತೇ­ನೆ.